ತಂಗಿಗೆ ಯಾವ ಪುಸ್ತಕ ಕಳಿಸಲಿ?

2024 ನವೆಂಬರ್ 17, ಭಾನುವಾರ

ನಿನ್ನೆ ರಾತ್ರಿ ಹತ್ತೂವರೆಗೆ ತಂಗಿ ಫೋನ್ ಮಾಡಿದಳು. ಅಷ್ಟು ಹೊತ್ತಿಗೆ ಮಾಡಿದಳು ಅಂದರೆ ಮನಸ್ಸಲ್ಲಿ ಏನೋ ಕೊರೀತಿದೆ ಅಂತಲೇ. ಅದೂ ಇದೂ ಮಾತಾಡಿ ಕೊನೆಗೆ ವಿಷಯಕ್ಕೆ ಬಂದಳು. "ಅಕ್ಕಾ, ಗೆದ್ದವರ ಬಗ್ಗೆ ಒಂದು ಒಳ್ಳೇ ಪುಸ್ತಕ ಹೇಳು. ಓದಿದ್ರೆ ಧೈರ್ಯ ಬರ್ಬೇಕು, ಅಂಥದ್ದು." ಯಾತಕ್ಕೆ ಧೈರ್ಯ ಅಂದೆ. "ಕೆಲಸ ಬಿಟ್ಬಿಡೋಣ ಅಂತಿದೀನಿ. ನನ್ನ ಕೆಲಸದಲ್ಲಿ ಅರ್ಧ ಈಗ ಸಾಫ್ಟ್‌ವೇರೇ ಮಾಡುತ್ತೆ. ಇನ್ನರ್ಧ ಹೋಗೋಕ್ಕಿಂತ ಮುಂಚೆ ನಾನೇ ಹೋಗೋದು ವಾಸಿ ಅಲ್ವಾ?"

ನಾಳೆ ಹೇಳ್ತೀನಿ ಅಂತ ಫೋನ್ ಇಟ್ಟೆ. ಬೆಳಗ್ಗೆ ಎದ್ದವಳೇ ಕಪಾಟಿನ ಮುಂದೆ ಕೂತೆ.

ಮೊದಲು ಕೈಗೆ ಸಿಕ್ಕಿದ್ದು ಒಬ್ಬ ಉದ್ಯಮಿಯ ಜೀವನಚರಿತ್ರೆ. ಇಪ್ಪತ್ತೊಂಬತ್ತನೇ ವಯಸ್ಸಲ್ಲಿ ಎರಡು ರಾತ್ರಿ ನಿದ್ದೆಗೆಟ್ಟು ಓದಿದ ಪುಸ್ತಕ ಅದು. ಆತ ಕೆಲಸ ಬಿಟ್ಟು ಹೊರಟ ದಿನದ ವಿವರ ಇರುವ ಪುಟದಲ್ಲಿ ಪೆನ್ಸಿಲ್‌ನಲ್ಲಿ ಎರಡೆರಡು ಗೆರೆ ಎಳೆದಿದ್ದೇನೆ. ಪಕ್ಕದಲ್ಲಿ ನನ್ನದೇ ಅಕ್ಷರ: "ಸೋಮವಾರವೇ ಹೇಳಬೇಕು." ಹಾಗೇ ಮಾಡಿದ್ದೆ ಕೂಡ. ಸೋಮವಾರ ರಾಜೀನಾಮೆ ಕೊಟ್ಟೆ. ಮುಂದಿನ ಎಂಟು ತಿಂಗಳು ಎಷ್ಟು ಕಷ್ಟ ಆಯಿತು ಅನ್ನೋದು ತಂಗಿಗೂ ಗೊತ್ತು.

ಇವತ್ತು ಅದೇ ಪುಟವನ್ನು ಮತ್ತೆ ಓದಿದೆ, ಅದರ ಹಿಂದಿನ ಪುಟವನ್ನೂ ಓದಿದೆ. ಅಲ್ಲಿ ಒಂದೇ ಒಂದು ಸಾಲಿದೆ. ಮೊದಲ ಎರಡು ವರ್ಷ ಮನೆಯ ಖರ್ಚನ್ನೆಲ್ಲ ಆತನ ಅಪ್ಪ ನೋಡಿಕೊಂಡರು ಅಂತ. ಆ ಸಾಲಿಗೆ ನಾನು ಗೆರೆ ಎಳೆದಿಲ್ಲ. ಓದಿದ ನೆನಪೂ ಇಲ್ಲ. ಪುಸ್ತಕದಲ್ಲಿ ಮುಚ್ಚಿಟ್ಟಿರಲಿಲ್ಲ, ಲೇಖಕರು ಹೇಳೇ ಇದ್ದರು, ನನ್ನ ಕಣ್ಣಿಗೆ ಮಾತ್ರ ಅದು ಬಿದ್ದಿರಲಿಲ್ಲ. ತುಂಬ ಹೊತ್ತು ಪುಸ್ತಕ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ.

ಅದನ್ನು ವಾಪಸ್ ಇಟ್ಟೆ. ತಂಗಿಗೆ ಮೊದಲು ಬೇಕಾಗಿರೋದು ಅದೃಷ್ಟದ ಬಗ್ಗೆ ನೇರವಾಗಿ ಮಾತಾಡುವ ಪುಸ್ತಕ ಅನ್ನಿಸಿತು. ರಾಬರ್ಟ್ ಫ್ರಾಂಕ್ ಅವರ 'ಸಕ್ಸೆಸ್ ಅಂಡ್ ಲಕ್' (2016). ಅವರು ಅರ್ಥಶಾಸ್ತ್ರಜ್ಞರು. 2007ರಲ್ಲಿ ಟೆನಿಸ್ ಆಡ್ತಾ ಇದ್ದಾಗ ಅವರ ಹೃದಯ ನಿಂತೇ ಹೋಯಿತು. ಸಾಮಾನ್ಯವಾಗಿ ಆಂಬುಲೆನ್ಸ್ ದೂರದಿಂದ ಬರಬೇಕಿತ್ತು. ಅವತ್ತು ಬೇರೆ ಯಾವುದೋ ಅಪಘಾತಕ್ಕೆ ಅಂತ ಬಂದಿದ್ದ ಒಂದು ಆಂಬುಲೆನ್ಸ್ ಹತ್ತಿರದಲ್ಲೇ ಇತ್ತು, ಅದಕ್ಕೇ ಬದುಕಿದರು. ಅವರು ಶ್ರಮ ಬೇಡ ಅನ್ನೋದಿಲ್ಲ. ಸ್ಪರ್ಧೆಯಲ್ಲಿ ಸಾವಿರಾರು ಜನ ಇದ್ದಾಗ ಎಲ್ಲರೂ ಹೆಚ್ಚೂಕಡಿಮೆ ಅಷ್ಟೇ ಚುರುಕು, ಅಷ್ಟೇ ದುಡಿಮೆ ಇರುವವರೇ ಆಗಿರುತ್ತಾರೆ, ಆಗ ಅದೃಷ್ಟದ ಪಾಲು ಎಷ್ಟೇ ಚಿಕ್ಕದಿದ್ದರೂ ಗೆಲ್ಲುವವರು ಯಾರು ಅಂತ ಬಹಳ ಸಲ ತೀರ್ಮಾನ ಆಗೋದು ಅದರಿಂದಲೇ ಅಂತಾರೆ. ಇದನ್ನು ಓದಿದರೆ ಧೈರ್ಯ ಕುಗ್ಗುತ್ತೆ ಅಂತ ಕೆಲವರು ಹೇಳಬಹುದು. ನನಗೆ ಹಾಗಾಗಲಿಲ್ಲ. ಆ ಎಂಟು ತಿಂಗಳು ನನ್ನನ್ನೇ ನಾನು ಬೈದುಕೊಂಡಿದ್ದೆ, ಸಾಕಷ್ಟು ಒದ್ದಾಡಲಿಲ್ಲ, ಅದಕ್ಕೇ ಹೀಗಾಯ್ತು ಅಂತ. ಈ ಪುಸ್ತಕ ಓದಿದ ಮೇಲೆ ಆ ಬೈಗುಳ ನಿಂತಿತು.

'ಔಟ್‌ಲೈಯರ್ಸ್' ಕಳಿಸಲಾ ಅಂತಲೂ ಯೋಚಿಸಿದೆ. ಮಾಲ್ಕಮ್ ಗ್ಲಾಡ್‌ವೆಲ್ 2008ರಲ್ಲಿ ಬರೆದದ್ದು, ಓದೋಕೆ ಸರಾಗ. ಕೆನಡಾದ ಐಸ್ ಹಾಕಿ ಆಟಗಾರರಲ್ಲಿ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಹುಟ್ಟಿದವರೇ ಯಾಕೆ ಜಾಸ್ತಿ ಅನ್ನೋ ಅಧ್ಯಾಯ ಈಗಲೂ ನನಗೆ ಇಷ್ಟ. ವಯಸ್ಸಿನ ಗುಂಪು ಮಾಡುವಾಗ ಜನವರಿ 1ನ್ನು ಗಡಿ ಮಾಡಿಕೊಂಡಿದ್ದಾರೆ. ಆ ಮಕ್ಕಳು ತಮ್ಮ ಗುಂಪಲ್ಲಿ ಕೆಲವು ತಿಂಗಳು ದೊಡ್ಡವರು, ಮೈಯಲ್ಲಿ ಸ್ವಲ್ಪ ಬಲ ಜಾಸ್ತಿ. ಅದಕ್ಕೇ ಆಯ್ಕೆ ಆಗುತ್ತಾರೆ, ಆಯ್ಕೆ ಆದದ್ದಕ್ಕೆ ಒಳ್ಳೇ ತರಬೇತಿ ಸಿಗುತ್ತೆ, ತರಬೇತಿ ಸಿಕ್ಕಿದ್ದಕ್ಕೆ ನಿಜವಾಗಿಯೂ ಚೆನ್ನಾಗಿ ಆಡುತ್ತಾರೆ. ಆದರೆ ಜನ ಆ ಪುಸ್ತಕದಿಂದ ಎತ್ತಿಕೊಂಡಿದ್ದು ಇದನ್ನಲ್ಲ, ಹತ್ತು ಸಾವಿರ ಗಂಟೆ ಅಭ್ಯಾಸ ಮಾಡು, ನಿಪುಣ ಆಗ್ತೀಯ ಅನ್ನೋದನ್ನು. ಆ ಸಂಖ್ಯೆಗೆ ಮೂಲ ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನ. ಅದನ್ನು ಮಾಡಿದ ಆ್ಯಂಡರ್ಸ್ ಎರಿಕ್‌ಸನ್ ಅವರೇ ಆಮೇಲೆ 'ಪೀಕ್' (2016) ಪುಸ್ತಕದಲ್ಲಿ ಬಿಡಿಸಿ ಹೇಳಿದರು. ಹತ್ತು ಸಾವಿರ ಅನ್ನೋದು ಇಪ್ಪತ್ತು ವರ್ಷ ತುಂಬುವ ಹೊತ್ತಿಗೆ ಅತ್ಯುತ್ತಮ ಗುಂಪಿನ ಸರಾಸರಿ ಅಷ್ಟೇ, ಆ ಗುಂಪಲ್ಲೇ ಎಷ್ಟೋ ಜನ ಅಷ್ಟು ಗಂಟೆ ಮುಟ್ಟಿರಲಿಲ್ಲ. ಸುಮ್ನೆ ಗಂಟೆ ಎಣಿಸಿದರೆ ಏನೂ ಬರೋದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ ಅಂತ ಹೇಳುವವರು ಬೇಕು, ಆ ತಪ್ಪಿನ ಮೇಲೇ ಕೂತು ತಿದ್ದಬೇಕು. ಎರಡನ್ನೂ ಒಟ್ಟಿಗೆ ಓದಿದರೆ ಚೆಂದ, ಒಂದನ್ನೇ ಓದೋದು ಬೇಡ. ತಂಗಿಗೆ ಈಗ ಅಷ್ಟು ಪುರುಸೊತ್ತಿಲ್ಲ, ಹಾಗಾಗಿ ಎರಡನ್ನೂ ಬದಿಗಿಟ್ಟೆ.

ಅವಳಿಗೆ ಕಳಿಸಲೇಬೇಕು ಅಂತ ಒಂದು ಕ್ಷಣವೂ ಯೋಚಿಸದೆ ತೆಗೆದಿಟ್ಟದ್ದು ಹರ್ಮಿನಿಯಾ ಇಬಾರಾ ಅವರ 'ವರ್ಕಿಂಗ್ ಐಡೆಂಟಿಟಿ'. 2003ರಲ್ಲಿ ಬಂತು. ಕೆಲಸದ ದಾರಿ ಬದಲಿಸಿದ ಅಥವಾ ಬದಲಿಸೋಕೆ ಹೊರಟ 39 ಜನರನ್ನು ಅವರು ಹತ್ತಿರದಿಂದ ನೋಡಿ ಬರೆದ ಪುಸ್ತಕ. ಒಂದು ಕಡೆ ಕೂತು, ನನಗೆ ನಿಜವಾಗಿ ಏನು ಬೇಕು ಅಂತ ಒಳಗೊಳಗೇ ಹುಡುಕಿ, ಉತ್ತರ ಸಿಕ್ಕ ಮೇಲೆ ಜಿಗಿಯಬೇಕು ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಅವರು ಕಂಡದ್ದು ಇದರ ತಿರುಗುಮುರುಗು. ಮೊದಲು ಚಿಕ್ಕದಾಗಿ ಏನಾದರೂ ಮಾಡಿ ನೋಡಿದವರಿಗೆ ಆಮೇಲೆ ತಾವು ಯಾರು ಅಂತ ಹೊಳೆಯಿತು. ಸಂಜೆ ಎರಡು ಗಂಟೆ ಬೇರೆ ಕೆಲಸ, ವಾರಕ್ಕೊಮ್ಮೆ ಪಾಠ, ರಜೆಯಲ್ಲಿ ಒಂದು ಪುಟ್ಟ ಕೆಲಸ ವಹಿಸಿಕೊಳ್ಳೋದು, ಇಂಥವು.

ನಾನು ಕೆಲಸ ಬಿಟ್ಟಾಗ ಕರಡು ತಿದ್ದುವ ಕೆಲಸ ಮಾಡಬೇಕು ಅಂತ ಆಸೆ ಇತ್ತು, ಆದರೆ ಅದಕ್ಕೆ ಮುಂಚೆ ಒಂದೇ ಒಂದು ಪುಸ್ತಕದ ಕರಡನ್ನೂ ತಿದ್ದಿರಲಿಲ್ಲ. ಒಂದು ಭಾನುವಾರ ಕೂತು ಯಾರದಾದರೂ ಇಪ್ಪತ್ತು ಪುಟ ತಿದ್ದಿ ಕೊಟ್ಟಿದ್ದರೆ, ಎಷ್ಟು ಹೊತ್ತು ಬೇಕು, ಎಷ್ಟು ಬೆನ್ನು ನೋಯುತ್ತೆ, ಎಷ್ಟು ಖುಷಿ ಸಿಗುತ್ತೆ ಅಂತ ಎಲ್ಲ ಗೊತ್ತಾಗಿರೋದು. ಈಗ ಅದೇ ನನ್ನ ಕೆಲಸ, ಪ್ರೀತಿಯಿಂದ ಮಾಡ್ತೀನಿ, ಆದರೆ ಇಲ್ಲಿಗೆ ಬರೋಕೆ ಅಷ್ಟು ನೋವು ಬೇಕಿರಲಿಲ್ಲ.

ಆ ಪುಸ್ತಕದ ಇನ್ನೊಂದು ಮಾತು ಬರೆಯೋಕೆ ಕಷ್ಟ ಆಗುತ್ತೆ, ಆದರೂ ಬರೀತೀನಿ. ದಾರಿ ಬದಲಿಸುವಾಗ ಜಾಸ್ತಿ ಸಹಾಯ ಆಗೋದು ತೀರಾ ಹತ್ತಿರದವರಿಂದ ಅಲ್ಲವಂತೆ. ಅವರಿಗೆ ನಾವು ಮೊದಲಿನ ಹಾಗೇ ಕಾಣಿಸ್ತೀವಿ, ಹಾಗೇ ಇರಲಿ ಅಂತಲೂ ಬಯಸ್ತಾರೆ. ಸ್ವಲ್ಪ ದೂರದ ಪರಿಚಯದವರೇ ಹೊಸ ಬಾಗಿಲು ತೋರಿಸೋದು. ಅಂದರೆ ತಂಗಿಯ ವಿಷಯದಲ್ಲಿ ಆ ತೀರಾ ಹತ್ತಿರದವಳು ನಾನೇ. ಅವಳು ಲೆಕ್ಕದಲ್ಲಿ ಜಾಣೆ, ಅಲ್ಲೇ ಇರಲಿ ಅಂತ ಎಷ್ಟು ಸಲ ಹೇಳಿಲ್ಲ ನಾನು! ಆ ಅಧ್ಯಾಯಕ್ಕೆ ಒಂದು ಚೀಟಿ ಇಟ್ಟಿದ್ದೇನೆ.

ಇನ್ನು ಸಾಫ್ಟ್‌ವೇರ್ ಭಯ. ಅದು ಸುಳ್ಳು ಭಯ ಅಂತ ಹೇಳೋಕೆ ನನಗೆ ಮನಸ್ಸಿಲ್ಲ. ಅದಕ್ಕೆ 'ಪವರ್ ಅಂಡ್ ಪ್ರೋಗ್ರೆಸ್' (2023) ಇಟ್ಟಿದ್ದೇನೆ. ಬರೆದ ಡರೋನ್ ಅಸೆಮೊಗ್ಲು ಮತ್ತು ಸೈಮನ್ ಜಾನ್ಸನ್ ಇಬ್ಬರಿಗೂ ಹೋದ ತಿಂಗಳಷ್ಟೇ ಅರ್ಥಶಾಸ್ತ್ರದ ನೊಬೆಲ್ ಬಂತು, ಜೇಮ್ಸ್ ರಾಬಿನ್‌ಸನ್ ಜೊತೆಗೆ. ದಪ್ಪ ಪುಸ್ತಕ, ನಡುವೆ ಎಳೆದ ಹಾಗೆ ಅನಿಸುತ್ತೆ, ಪೂರ್ತಿ ಓದದಿದ್ದರೂ ಪರವಾಗಿಲ್ಲ. ಹೊಸ ಯಂತ್ರ ಬಂದರೆ ಎಲ್ಲರಿಗೂ ತಾನಾಗಿ ಒಳ್ಳೇದಾಗುತ್ತೆ ಅನ್ನೋದನ್ನು ಅವರು ಒಪ್ಪೋದಿಲ್ಲ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಗಾಳಿಗಿರಣಿ ಬಂದಾಗ ಲಾಭ ಹೋಗಿದ್ದು ಜಮೀನ್ದಾರರಿಗೆ ಮತ್ತು ಚರ್ಚಿಗೆ. ಕೈಗಾರಿಕಾ ಕ್ರಾಂತಿಯ ಮೊದಲ ಹಲವು ದಶಕ ಕೂಲಿ ಅಷ್ಟಾಗಿ ಏರಲೇ ಇಲ್ಲ, ದುಡಿಯುವ ಗಂಟೆ ಮಾತ್ರ ಏರಿತು. ಆಮೇಲೆ ಸುಧಾರಿಸಿದ್ದು ಜನ ಸಂಘ ಕಟ್ಟಿ, ಕಾನೂನು ಬಂದು, ಯಂತ್ರವನ್ನು ಬೇರೆ ರೀತಿ ಬಳಸೋಕೆ ಶುರು ಮಾಡಿದ ಮೇಲೆ. ತಂತ್ರಜ್ಞಾನ ಮಳೆಗಾಳಿ ಥರ ಬಂದು ಬೀಳೋದಲ್ಲ, ಅದನ್ನು ಹೀಗೇ ಬಳಸಬೇಕು ಅಂತ ಯಾರೋ ತೀರ್ಮಾನ ಮಾಡಿರುತ್ತಾರೆ. ತಂಗಿಯ ಆಫೀಸಿನಲ್ಲೂ ಯಾರೋ ಮಾಡಿದ್ದಾರೆ. ಯಾರು, ಯಾತಕ್ಕೆ, ಆ ಸಾಫ್ಟ್‌ವೇರ್‌ಗೆ ಬಾರದ ಕೆಲಸ ಯಾವುದು ಅಂತ ಅವಳು ಕೇಳಿಕೊಳ್ಳಲಿ. ಓಡಿ ಹೋಗೋದಾದರೂ ಯಾವ ಕಡೆಗೆ ಅಂತ ಗೊತ್ತಾಗುತ್ತೆ.

ಇಷ್ಟನ್ನೂ ಅವಳು ಓದೋದು ಹೇಗೆ? ಹತ್ತು ಪುಟ ಒಂದೇ ಸಮನೆ ಓದಿ ವರ್ಷ ಆಯ್ತು ಅಂತ ನಿನ್ನೆ ಅವಳೇ ಹೇಳಿದಳು. ಅದಕ್ಕೆ ನಿಕೋಲಸ್ ಕಾರ್ ಅವರ 'ದಿ ಶ್ಯಾಲೋಸ್' (2010) ಸೇರಿಸಿದೆ, ಇಂಟರ್ನೆಟ್ ನಮ್ಮ ಓದನ್ನೂ ಗಮನವನ್ನೂ ಹೇಗೆ ಬದಲಿಸುತ್ತೆ ಅಂತ ಹೇಳುವ ಪುಸ್ತಕ. ಅದರಲ್ಲಿ ಜರ್ಮನ್ ತತ್ವಜ್ಞಾನಿ ನೀತ್ಸೆಯ ಕಥೆ ಇದೆ. ಕಣ್ಣು ಮಂಜಾಗಿ 1882ರಲ್ಲಿ ಆತ ಟೈಪ್‌ರೈಟರ್ ಬಳಸೋಕೆ ಶುರು ಮಾಡಿದ. ಬರವಣಿಗೆ ಬಿಗಿಯಾಗಿ, ತುಂಡುತುಂಡಾಗಿ ಬದಲಾಗಿದ್ದನ್ನು ಗೆಳೆಯನೊಬ್ಬ ಗಮನಿಸಿದ. ಹೌದು, ನಾವು ಬರೆಯುವ ಸಾಧನಕ್ಕೂ ನಮ್ಮ ಯೋಚನೆಯಲ್ಲಿ ಪಾಲಿದೆ ಅಂತ ನೀತ್ಸೆ ಒಪ್ಪಿಕೊಂಡ. ಇವತ್ತು ಈ ಕಥೆ ಇರುವ ಪುಟಗಳನ್ನು ಓದುವಾಗ ಫೋನ್ ಪಕ್ಕದಲ್ಲೇ ಮಗುಚಿ ಇಟ್ಟಿದ್ದೆ. ಸದ್ದು ಬಂದಿರಲಿಲ್ಲ, ಬೆಳಕೂ ಬಂದಿರಲಿಲ್ಲ, ಆದರೂ ನಾಲ್ಕು ಪುಟ ಮುಗಿಯೋದರಲ್ಲಿ ಮೂರು ಸಲ ಕೈ ಅತ್ತ ಹೋಯಿತು. ಎದ್ದು ಹೋಗಿ ಫೋನನ್ನು ಒಳಗಿನ ಕೋಣೆಯಲ್ಲಿ ಇಟ್ಟು ಬಂದೆ. ಆಮೇಲೆ ಒಂದೂವರೆ ಗಂಟೆ ಓದಿದೆ, ಬೆಳಕು ಸರಿದು ಮೇಜಿನ ಆ ತುದಿಗೆ ಹೋಗಿದ್ದು ಗೊತ್ತೇ ಆಗಲಿಲ್ಲ.

ಸಂಜೆ ನಾಲ್ಕೂ ಪುಸ್ತಕ ಕಟ್ಟಿಟ್ಟೆ. ಇಬಾರಾ ಪುಸ್ತಕವೇ ಮೇಲಿರಲಿ ಅಂತ ಇಟ್ಟೆ, ಆಮೇಲೆ ಮನಸ್ಸು ಬದಲಿಸಿ ಫ್ರಾಂಕ್ ಪುಸ್ತಕವನ್ನು ಮೇಲಿಟ್ಟೆ. ಮತ್ತೆ ಕಟ್ಟು ಬಿಚ್ಚಿ, ಆ ಹಳೇ ಜೀವನಚರಿತ್ರೆಯನ್ನೂ ಸೇರಿಸಿದೆ. ಗೆರೆ ಎಳೆಯದೇ ಬಿಟ್ಟಿದ್ದ ಆ ಸಾಲಿನ ಪಕ್ಕ ಪೆನ್ಸಿಲ್‌ನಲ್ಲಿ ಬರೆದೆ: "ಇದನ್ನು ಓದಿದ ಮೇಲೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ."