ಓಡಿದ ಮೇಲೆ ದಮ್ಮು: ಕರಾವಳಿಯ ಹಸಿ ಗಾಳಿಯಲ್ಲಿ ಯಾವ ಪರೀಕ್ಷೆಯನ್ನು ನಂಬಬೇಕು?

ಶಾಲಾ ಕ್ರೀಡಾಕೂಟ ಹತ್ತಿರ ಬಂತೆಂದರೆ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಮಕ್ಕಳು ಒಂದೇ ದೂರು ಹೊತ್ತು ಶ್ವಾಸಕೋಶ ಪರೀಕ್ಷೆಯ ಲ್ಯಾಬಿಗೆ ಬರುತ್ತಾರೆ. ಓಡಿದರೆ ದಮ್ಮು ಕಟ್ಟುತ್ತದೆ, ಎದೆ ಬಿಗಿಯುತ್ತದೆ, ಕೆಮ್ಮು ನಿಲ್ಲುವುದಿಲ್ಲ. ಎಷ್ಟೋ ಮಕ್ಕಳ ಫೈಲಿನಲ್ಲಿ ಕುಳಿತಲ್ಲೇ ಊದಿಸಿ ತೆಗೆದ ಸ್ಪೈರೋಮೆಟ್ರಿಯ (ಊದಿದ ಗಾಳಿಯನ್ನು ಅಳೆಯುವ ಪರೀಕ್ಷೆ) ‘ನಾರ್ಮಲ್’ ವರದಿ ಆಗಲೇ ಇರುತ್ತದೆ. ಆ ವರದಿ ತಪ್ಪೇನಲ್ಲ, ಓಟದಿಂದ ಉಬ್ಬಸ ಬರುವವರು ವಿಶ್ರಾಂತಿಯಲ್ಲಿ ಚೆನ್ನಾಗಿಯೇ ಊದಬಲ್ಲರು. ಶ್ವಾಸನಾಳವನ್ನು ಕೆಣಕಿ ನೋಡದೆ ಉತ್ತರ ಸಿಗದು. ಕೆಣಕುವ ಕೆಲಸಕ್ಕೆ ನಮ್ಮ ಊರಿನ ಹವೆಯೇ ಅಡ್ಡ ಬರುತ್ತದೆ.

ಓಡುವಾಗ ಬಾಯಿಯಿಂದ ರಾಶಿ ಗಾಳಿ ಒಳಗೆ ಹೋಗುತ್ತದೆ. ಅದನ್ನು ತೇವ ಮಾಡಲು ಶ್ವಾಸನಾಳದ ಒಳಪದರ ತನ್ನ ನೀರನ್ನು ಕಳೆದುಕೊಂಡು, ಉಳಿದ ದ್ರವದಲ್ಲಿ ಲವಣಾಂಶ ಏರುತ್ತದೆ. ಆಗ ಅಲರ್ಜಿಯಲ್ಲಿ ಕೆರಳುವ ಮಾಸ್ಟ್ ಕೋಶಗಳು ಹಿಸ್ಟಮಿನ್, ಲ್ಯುಕೋಟ್ರೈನ್ ಎಂಬ ರಾಸಾಯನಿಕಗಳನ್ನು ಬಿಟ್ಟು ಶ್ವಾಸನಾಳದ ಸ್ನಾಯು ಬಿಗಿಯುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಎಳೆದುಕೊಳ್ಳುವ ಗಾಳಿ ಒಣಗಿರಲೇಬೇಕು: 20ರಿಂದ 25 ಡಿಗ್ರಿ ಉಷ್ಣತೆ, ಲೀಟರಿಗೆ 10 ಮಿಲಿಗ್ರಾಂಗಿಂತ ಕಡಿಮೆ ನೀರು. 30 ಡಿಗ್ರಿಯಲ್ಲಿ ಆರ್ದ್ರತೆ ಶೇ 80 ಇದ್ದರೆ ಒಂದು ಲೀಟರ್ ಗಾಳಿಯಲ್ಲಿ ಸುಮಾರು 24 ಮಿಲಿಗ್ರಾಂ ನೀರಿರುತ್ತದೆ. ಇಂಥ ಮೈದಾನದಲ್ಲಿ ಮಗುವನ್ನು ಓಡಿಸಿ ಪೀಕ್ ಫ್ಲೋ (ಊದುವಾಗಿನ ಗರಿಷ್ಠ ವೇಗ) ನೋಡಿ ‘ಏನೂ ಇಲ್ಲ’ ಎಂದು ಕಳಿಸುವುದು ಸರಿಯಲ್ಲ. ಅದೇ ಮಗು ಡಿಸೆಂಬರಿನಲ್ಲಿ ಘಟ್ಟದ ಮೇಲಿನ ಚಳಿಗೆ ಪಂದ್ಯಕ್ಕೆ ಹೋದರೆ ದಮ್ಮು ಹತ್ತಿ ಕುಳಿತುಬಿಡಬಹುದು. ಮೈದಾನದ ಓಟದಲ್ಲಿ ಪೀಕ್ ಫ್ಲೋ ಶೇ 15ರಷ್ಟು ಇಳಿದರೆ ಅದಕ್ಕೆ ಬೆಲೆ ಇದೆ. ಇಳಿಯದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ.

ಎಸಿ ಕೋಣೆಯಲ್ಲಿ 22 ಡಿಗ್ರಿಗೆ ಆರ್ದ್ರತೆ ಶೇ 50 ಇದ್ದರೆ ನೀರು ಲೀಟರಿಗೆ 10 ಮಿಲಿಗ್ರಾಂಗಿಂತ ಕೂದಲೆಳೆಯಷ್ಟೇ ಕಡಿಮೆ. ಮಳೆಗಾಲದಲ್ಲಿ ಬರೀ ಎಸಿಯಿಂದ ಅಲ್ಲಿಗೆ ಇಳಿಸುವುದು ಕಷ್ಟ. ಆರ್ದ್ರತಾಮಾಪಕವನ್ನು ಮೂಲೆಯ ಗೋಡೆಗೆ ತೂಗುಹಾಕದೆ ಟ್ರೆಡ್‌ಮಿಲ್ ಪಕ್ಕದಲ್ಲಿ, ಮುಖದ ಎತ್ತರಕ್ಕೆ ಇಡಿ. ಸಣ್ಣ ಕೋಣೆಯಲ್ಲಿ ಮೂರು ಜನ ನಿಂತು, ಒಬ್ಬ ಬೆವರಿಳಿಸುತ್ತಾ ಓಡಿದರೆ ಮುಳ್ಳು ಏರುವುದು ಕಣ್ಣಿಗೇ ಕಾಣುತ್ತದೆ. ಖಾತ್ರಿಯ ದಾರಿ ಸಿಲಿಂಡರಿನ ಒಣ ಮೆಡಿಕಲ್ ಗಾಳಿ. ಅದನ್ನು ದೊಡ್ಡ ಚೀಲಕ್ಕೆ ತುಂಬಿಸಿಕೊಂಡು, ಒಳಗೆಳೆಯುವ ಮತ್ತು ಹೊರಬಿಡುವ ಗಾಳಿಗೆ ಬೇರೆ ಬೇರೆ ದಾರಿ ಇರುವ ವಾಲ್ವ್ ಮೂಲಕ ಬಾಯಿಗೆ ಕೊಡಿ. ಮೂಗಿಗೆ ಕ್ಲಿಪ್ ಹಾಕದಿದ್ದರೆ ಮೂಗೇ ಗಾಳಿಯನ್ನು ತೇವ ಮಾಡಿಕೊಡುತ್ತದೆ, ಪಟ್ಟ ಶ್ರಮವೆಲ್ಲ ದಂಡ.

ಇನ್ನೊಂದು ಎಡವಟ್ಟು, ಹೃದಯಕ್ಕೆ ಮಾಡುವ ಟಿಎಂಟಿಯನ್ನೇ (ಟ್ರೆಡ್‌ಮಿಲ್ ಪರೀಕ್ಷೆ) ಇದಕ್ಕೂ ಬಳಸುವುದು. ಅದರಲ್ಲಿ ಬಳಸುವ ಬ್ರೂಸ್ ಕ್ರಮದಲ್ಲಿ ಮೂರು ಮೂರು ನಿಮಿಷಕ್ಕೊಮ್ಮೆ ನಿಧಾನವಾಗಿ ವೇಗ ಏರುತ್ತದೆ. ಆ ಏರಿಕೆಯೇ ವಾರ್ಮ್-ಅಪ್ ಆಗಿ ಶ್ವಾಸನಾಳ ಹೊಂದಿಕೊಂಡುಬಿಡುತ್ತದೆ. ಇಲ್ಲಿ ಬೇಕಾದ್ದು ಅದರ ವಿರುದ್ಧ: ಏರು ಶೇ 10ರಷ್ಟು ಇಟ್ಟು, ವೇಗವನ್ನು ಬೇಗ ಬೇಗ ಹೆಚ್ಚಿಸಿ, ಎರಡು ಮೂರು ನಿಮಿಷದೊಳಗೆ ಹೃದಯ ಬಡಿತ ಗರಿಷ್ಠದ ಶೇ 85 ಮುಟ್ಟಬೇಕು. ಆಮೇಲೆ ಕನಿಷ್ಠ ನಾಲ್ಕು ನಿಮಿಷ ಬಡಿತ ಇಳಿಯಬಾರದು. ಒಟ್ಟು ಓಟ 6ರಿಂದ 8 ನಿಮಿಷ. 220ರಲ್ಲಿ ವಯಸ್ಸು ಕಳೆದರೆ ಗರಿಷ್ಠ ಬಡಿತ. 14ರ ಹುಡುಗಿಗೆ 206, ಅದರ ಶೇ 85 ಅಂದರೆ 175. ಕೈಹಿಡಿಗೆ ಜೋತುಬಿದ್ದು ಓಡಿದರೆ ಶ್ರಮ ಕಮ್ಮಿಯಾಗುತ್ತದೆ, ಬಿಡಿಸಿ.

ಓಟ ನಿಂತ ಮೇಲೆ 5, 10, 15, 30ನೇ ನಿಮಿಷಕ್ಕೆ ಊದಿಸಬೇಕು, ಪ್ರತಿ ಸಲವೂ ಕನಿಷ್ಠ ಎರಡು ಒಳ್ಳೆಯ ಊದು. ಉದಾಹರಣೆಗೆ ಓಟದ ಮೊದಲು ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) 2.40 ಲೀಟರ್ ಇತ್ತೆನ್ನಿ. 5ನೇ ನಿಮಿಷಕ್ಕೆ 2.22, 10ಕ್ಕೆ 2.06, 15ಕ್ಕೆ 2.14, 30ಕ್ಕೆ 2.34. ಅತಿ ಹೆಚ್ಚಿನ ಇಳಿತ ಶೇ 14. ಶೇ 10 ದಾಟಿದ್ದರಿಂದ ಪಾಸಿಟಿವ್. 25ರೊಳಗೆ ಇರುವುದರಿಂದ ಸೌಮ್ಯ. 5ನೇ ನಿಮಿಷಕ್ಕೇ ಯಂತ್ರ ಆರಿಸಿದ್ದರೆ ಶೇ 7.5 ಎಂದು ಬರೆದು ಕಳಿಸುತ್ತಿದ್ದೆವು. ಒಂದೇ ಒಂದು ಹೊತ್ತಿನಲ್ಲಿ ಇಳಿದು ಮುಂದಿನದರಲ್ಲಿ ಪೂರ್ತಿ ಸರಿಯಾದರೆ ಸುಸ್ತಿನಿಂದ ಅರೆಬರೆ ಊದಿರಬಹುದೇ ಎಂದು ಗ್ರಾಫಿನ ಆಕಾರ ನೋಡಿ. ಸೌಮ್ಯ ಉಬ್ಬಸದವರಲ್ಲಿ ಒಂದು ದಿನ ನೆಗೆಟಿವ್ ಬಂದು ಇನ್ನೊಂದು ದಿನ ಪಾಸಿಟಿವ್ ಬರುವುದುಂಟು, ಅನುಮಾನ ಬಲವಾಗಿದ್ದರೆ ಮತ್ತೊಮ್ಮೆ ಮಾಡಲು ಹಿಂಜರಿಯಬಾರದು.

ಓಡಿಸದೆಯೇ ಕೆಣಕುವ ದಾರಿಗಳೂ ಇವೆ. ಶೇ 5 ಇಂಗಾಲದ ಡೈಆಕ್ಸೈಡ್ ಬೆರೆತ ಒಣ ಗಾಳಿಯನ್ನು ಆರು ನಿಮಿಷ ರಭಸವಾಗಿ ಉಸಿರಾಡಿಸುವ ಇವಿಎಚ್ ಎಂಬ ಪರೀಕ್ಷೆ ಕ್ರೀಡಾಪಟುಗಳಿಗೆ ಬಹಳ ಒಳ್ಳೆಯದು. ಗುರಿ ಎಫ್‌ಇವಿ1ರ 30 ಪಟ್ಟು, 2.40ಕ್ಕೆ ನಿಮಿಷಕ್ಕೆ 72 ಲೀಟರ್, ಒಟ್ಟು 432 ಲೀಟರ್ ಗ್ಯಾಸ್. ಆ ಶೇ 5 ಬೆರೆಸದಿದ್ದರೆ ತಲೆ ಸುತ್ತಿ ಬೀಳುತ್ತಾರೆ. ಇದರ ಹೊಡೆತ ಜೋರು, ಶ್ವಾಸಕೋಶ ಮೊದಲೇ ಕುಗ್ಗಿರುವವರಿಗೆ ಬೇಡ. ಉಸಿರಿನಲ್ಲಿ ಎಳೆದುಕೊಂಡು ಶ್ವಾಸನಾಳವನ್ನು ಒಣಗಿಸುವ ಮ್ಯಾನಿಟಾಲ್ ಪುಡಿಯ ಪರೀಕ್ಷೆಗೆ ಸ್ಪೈರೋಮೀಟರ್ ಒಂದಿದ್ದರೆ ಸಾಕು, ಹೊರಗಿನ ಹವೆಯ ಹಂಗಿಲ್ಲ: 5 ಮಿಲಿಗ್ರಾಂನಿಂದ ಶುರುಮಾಡಿ ಒಟ್ಟು 635ರವರೆಗೆ, ಪ್ರತಿ ಡೋಸಿನ ಒಂದು ನಿಮಿಷದ ಬಳಿಕ ಊದು, ಶೇ 15 ಇಳಿದರೆ ಪಾಸಿಟಿವ್. ಕೆಮ್ಮು ಕಾಡುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ ಉಸಿರಾಡಿಸುವ ಮೆಥಕೋಲಿನ್ ಎಂಬ ಔಷಧಿ ನೇರ ಸ್ನಾಯುವನ್ನೇ ಬಿಗಿಸುತ್ತದೆ, ಒಣಗುವಿಕೆಯ ದಾರಿಯನ್ನು ಪರೀಕ್ಷಿಸುವುದೇ ಇಲ್ಲ. ಸಾಮಾನ್ಯ ಆಸ್ತಮಾ ಇಲ್ಲವೆಂದು ಹೇಳಲು ಅದು ಒಳ್ಳೆಯದಾದರೂ ಓಟದಲ್ಲಿ ಮಾತ್ರ ದಮ್ಮು ಬರುವ ಕಬಡ್ಡಿ ಆಟಗಾರನನ್ನು ಅದರ ನೆಗೆಟಿವ್ ವರದಿಯ ಮೇಲೆ ಬಿಟ್ಟುಬಿಡುವುದು ನನಗೆ ಒಪ್ಪಿಗೆಯಿಲ್ಲ.

ಯಾವ ಪರೀಕ್ಷೆಗೂ ಮೊದಲು ಒಂದು ಪ್ರಶ್ನೆ ಕೇಳಿ: ದಮ್ಮು ಬರುವುದು ಓಡುತ್ತಿರುವಾಗಲೋ, ನಿಂತ ಮೇಲೋ? ಉಬ್ಬಸ ಸಾಮಾನ್ಯವಾಗಿ ನಿಂತ 5–10 ನಿಮಿಷಕ್ಕೆ ತುದಿ ಮುಟ್ಟುತ್ತದೆ. ಓಟದ ಬಿರುಸಿನಲ್ಲೇ ಗಂಟಲಲ್ಲಿ ಹಿಡಿದಂತಾಗಿ, ಉಸಿರು ಒಳಗೆಳೆಯುವಾಗ ಕೀರಲು ಸದ್ದು ಬಂದು, ನಿಂತ ಕೆಲವೇ ನಿಮಿಷಕ್ಕೆ ಹೋದರೆ ಧ್ವನಿಪೆಟ್ಟಿಗೆಯ ಕಡೆ ನೋಡಬೇಕು. ಅಂಥವರಿಗೆ ವರ್ಷಗಟ್ಟಲೆ ಉಬ್ಬಸದ ಪಂಪ್ (ಇನ್‌ಹೇಲರ್) ಕೊಟ್ಟರೂ ಉಪಯೋಗವಿಲ್ಲ.

ಪರೀಕ್ಷೆಗೆ ಬರುವ ಮೊದಲು ಬೇಗ ಆರಾಮ ಕೊಡುವ ಸಾಲ್ಬುಟಮಾಲ್ ಪಂಪ್ 8 ಗಂಟೆ, ದೀರ್ಘಾವಧಿಯ ಪಂಪ್ ಕನಿಷ್ಠ 24 ಗಂಟೆ, ಮಾಂಟೆಲುಕಾಸ್ಟ್ ಮಾತ್ರೆ 4 ದಿನ ನಿಲ್ಲಿಸಿರಬೇಕು, ವೈದ್ಯರನ್ನು ಕೇಳಿಯೇ. ಚಾಯ, ಕಾಫಿ ಆ ದಿನ ಬೇಡ. ಬೆಳಿಗ್ಗೆ ಮೈದಾನದಲ್ಲಿ ಓಡಿ ಬಂದಿದ್ದರೆ ಕನಿಷ್ಠ ನಾಲ್ಕು ಗಂಟೆ ಕೂರಿಸಿ, ಒಮ್ಮೆ ಬಿಗಿದ ಶ್ವಾಸನಾಳ ಕೆಲ ಹೊತ್ತು ಮತ್ತೆ ಬಿಗಿಯದೆ ಇರಬಹುದು. ವೈದ್ಯರು, ಆಮ್ಲಜನಕ, ನೆಬ್ಯುಲೈಸರ್ ಕೋಣೆಯಲ್ಲೇ ಇರಲಿ. ಎಫ್‌ಇವಿ1 ಮೊದಲಿನ ಮಟ್ಟದ ಹತ್ತಿರಕ್ಕೆ ಬರುವ ತನಕ ಯಾರನ್ನೂ ಮನೆಗೆ ಕಳಿಸಬೇಡಿ.

ವರದಿಯಲ್ಲಿ ಕೋಣೆಯ ಉಷ್ಣತೆ, ಆರ್ದ್ರತೆ, ಮುಟ್ಟಿದ ಹೃದಯ ಬಡಿತ, ಎಷ್ಟು ನಿಮಿಷ ಹಿಡಿದಿತ್ತು, ಕೊನೆಯ ಔಷಧಿ ಯಾವಾಗ ಎಂಬುದನ್ನು ಬರೆಯಿರಿ. ಮಂಗಳೂರಿನಲ್ಲೋ ಕಣ್ಣೂರಿನಲ್ಲೋ ಅದನ್ನು ಓದುವ ವೈದ್ಯರಿಗೆ, ‘ನೆಗೆಟಿವ್’ ಎಂಬ ಪದವನ್ನು ಎಷ್ಟು ನಂಬಬಹುದು ಎಂದು ತಿಳಿಯಲು ಬೇರೆ ದಾರಿಯಿಲ್ಲ.