ಕಿವಿ ಮುಂದಿನ ನೋವು: ಹಲ್ಲು ಕೀಳುವ ಮೊದಲು ದವಡೆ ಕೀಲು ಮುಟ್ಟಿ ನೋಡಿ

"ಕಿವಿ ಮುಂದ ಕಟ್ ಅಂತೈತ್ರಿ, ರೊಟ್ಟಿ ಕಡದ್ರ ನೋಯ್ತೈತ್ರಿ." ಹುಬ್ಬಳ್ಳಿಯ ದಂತ ಚಿಕಿತ್ಸಾಲಯಗಳಿಗೆ ಈ ಮಾತು ಹೇಳುತ್ತ ಬರುವವರಲ್ಲಿ ಎಷ್ಟೋ ಜನ ಅಷ್ಟೊತ್ತಿಗೆ ಕಿವಿ ಡಾಕ್ಟರರನ್ನು ನೋಡಿ, ಕಿವಿಗೆ ಹನಿ ಹಾಕಿಕೊಂಡು ಬಂದಿರುತ್ತಾರೆ. ಕೆಲವರು ಆ ಬದಿಯ ದವಡೆ ಹಲ್ಲನ್ನೂ ಕೀಳಿಸಿಕೊಂಡಿರುತ್ತಾರೆ. ನೋವು ಮಾತ್ರ ಇದ್ದಲ್ಲೇ ಇರುತ್ತದೆ. ಹೊಸದಾಗಿ ಕೆಲಸಕ್ಕೆ ಸೇರುವ ದಂತವೈದ್ಯರಿಗೆ ಮೊದಲು ಹೇಳಬೇಕಾದ್ದು ಇದು: ಇಕ್ಕಳ ಹಿಡಿಯುವ ಮುಂಚೆ ಬೆರಳಿನಿಂದ ಪರೀಕ್ಷೆ ಮಾಡಿ. ಕಿತ್ತ ಹಲ್ಲು, ತಿಕ್ಕಿ ಸವೆಸಿದ ಹಲ್ಲು ಮತ್ತೆ ಬರುವುದಿಲ್ಲ.

ಕಿವಿರಂಧ್ರದ ಸ್ವಲ್ಪ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಗುಂಡನೆಯ ಎಲುಬೊಂದು ಮುಂದೆ ಸರಿಯುವುದು ತಿಳಿಯುತ್ತದೆ. ಅದು ಕೆಳದವಡೆಯ ತಲೆ. ಅದಕ್ಕೂ ತಲೆಬುರುಡೆಯ ಗುಳಿಗೂ ನಡುವೆ ಮೆತ್ತೆಯಂಥ ತೆಳ್ಳನೆಯ ಡಿಸ್ಕ್ ಇದೆ; ಈ ಮೂರೂ ಸೇರಿ ದವಡೆ ಕೀಲು. ಬಾಯಿ ಅರ್ಧ ತೆರೆಯುವವರೆಗೆ ತಲೆ ಹೆಚ್ಚಾಗಿ ಇದ್ದಲ್ಲೇ ತಿರುಗುತ್ತದೆ, ಆಮೇಲೆ ಡಿಸ್ಕ್ ಸಮೇತ ಮುಂದಕ್ಕೆ ಜಾರುತ್ತದೆ. ಡಿಸ್ಕ್ ಮೊದಲೇ ಮುಂದೆ ಸರಿದು ಕೂತಿದ್ದರೆ, ತಲೆ ಅದರ ಹಿಂದಿನ ಅಂಚನ್ನು ದಾಟಿ ಮೇಲೆ ಕೂರುವಾಗ ಕಟ್ ಅನ್ನುತ್ತದೆ. ನೋವಿಲ್ಲದೆ, ಬಾಯಿ ಪೂರ್ತಿ ತೆರೆಯುತ್ತ, ಸದ್ದು ಮಾತ್ರ ಇದ್ದರೆ ಚಿಕಿತ್ಸೆ ಬೇಡ. ಬಂದವರಿಗೆ ಹೀಗೆಂದು ಧೈರ್ಯವಾಗಿ ಹೇಳಿ ಕಳಿಸಬೇಕು.

ಆದರೆ ಸದ್ದು ತಾನಾಗಿ ನಿಂತಾಗ ಹುಷಾರಾಗಿರಿ. "ಈಗ ಕಟ್ ಅನ್ನೂದು ಬಿಟ್ಟೈತ್ರಿ" ಎಂದವರ ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯದೆ ಖುಷಿಪಡಬೇಡಿ. ಡಿಸ್ಕ್ ಅಡ್ಡ ಸಿಕ್ಕಿಕೊಂಡು, ತಲೆ ಅದರ ಮೇಲೆ ಏರಲಾಗದೆ ಹೋದಾಗಲೂ ಸದ್ದು ನಿಲ್ಲುತ್ತದೆ. ಆಗ ಬಾಯಿ 25–30 ಮಿ.ಮೀ.ಗೆ ನಿಂತುಬಿಡುತ್ತದೆ, ಗದ್ದ ನೋವಿರುವ ಬದಿಗೆ ಹೊರಳುತ್ತದೆ.

ಅಳೆಯಲು ಪ್ಲಾಸ್ಟಿಕ್ ಸ್ಕೇಲು ಸಾಕು. ಮೇಲಿನ ಮುಂಹಲ್ಲಿನ ಅಂಚಿನಿಂದ ಕೆಳಗಿನ ಮುಂಹಲ್ಲಿನ ಅಂಚಿಗೆ 40 ಮಿ.ಮೀ. ಅಥವಾ ಹೆಚ್ಚು ಬರಬೇಕು. ಮನೆಯಲ್ಲಾದರೆ ಅವರವರ ಮೂರು ಬೆರಳು ನಿಲ್ಲಿಸಿ ಹಿಡಿದು ನೋಡಬಹುದು. ಈ ಅಂಕಿಯನ್ನು ಪ್ರತಿ ಭೇಟಿಯಲ್ಲೂ ಬರೆದಿಡಿ. ನೋವಿನ ಮಾತು ದಿನಕ್ಕೊಂದು ಥರ ಬರುತ್ತದೆ, ಸ್ಕೇಲು ಹಾಗಲ್ಲ.

ಇನ್ನು ಸ್ನಾಯು. ಹಲ್ಲು ಕಚ್ಚಿಸಿದಾಗ ಕೆನ್ನೆಯ ಹಿಂಭಾಗದಲ್ಲಿ ಗಟ್ಟಿಯಾಗಿ ಉಬ್ಬುವುದೇ ಮ್ಯಾಸೆಟರ್. ಸಡಿಲ ಬಿಡಿಸಿ, ಅದರ ಮೇಲೆ ಸುಮಾರು 1 ಕೆ.ಜಿ. ಒತ್ತಡವನ್ನು 5 ಸೆಕೆಂಡು ಇಡಬೇಕು. ಕೀಲಿನ ಮೇಲೆ ಅದರ ಅರ್ಧ ಸಾಕು. 1 ಕೆ.ಜಿ. ಎಷ್ಟೆಂದು ಬೆರಳಿಗೆ ಗೊತ್ತಾಗಲು ಅಡುಗೆಮನೆಯ ಡಿಜಿಟಲ್ ತೂಕದ ಮಷಿನ್ ಮೇಲೆ ಹತ್ತು ಸಲ ಒತ್ತಿ ರೂಢಿ ಮಾಡಿಕೊಳ್ಳಿ. ಹೊಸಬರ ಕೈ ಬಹಳ ಹಗುರ, ಇಲ್ಲವೇ ಬಹಳ ಬಿರುಸು. ಒತ್ತುತ್ತ "ಅಕ್ಕಾರ, ನೀವು ಹೇಳಿದ ನೋವು ಇದೇ ಏನ್ರಿ?" ಎಂದು ಕೇಳಿ. ಸ್ನಾಯು ಒತ್ತಿದಾಗ "ಹೌದ್ರಿ, ಅದ ಹಲ್ಲು ನೋಯಾಕತ್ತೇತಿ" ಎಂದರೆ, ಬಡಿದು ನೋಡಿದಾಗ, ತಣ್ಣಗಿನದು ತಾಗಿಸಿದಾಗ, ಎಕ್ಸ್‌ರೇಯಲ್ಲಿ ಹಲ್ಲು ಸರಿಯಿದ್ದರೆ, ಆ ಹಲ್ಲಿನ ತಂಟೆಗೆ ಹೋಗಬೇಡಿ. ಮ್ಯಾಸೆಟರ್‌ನ ನೋವು ದವಡೆ ಹಲ್ಲಿಗೆ ಇಳಿಯುವುದು ಸಾಮಾನ್ಯ.

ಬಾಯಿ ತೆರೆಯದವರೆಲ್ಲರಿಗೂ ಕೀಲಿನದೇ ತೊಂದರೆ ಎಂದುಕೊಳ್ಳಬಾರದು. ನಮ್ಮ ಕಡೆ ಗುಟ್ಕಾ, ಅಡಿಕೆ ಜಗಿಯುವವರು ಬಹಳ. ಕೆನ್ನೆಯ ಒಳಚರ್ಮ ಬಿಳಚಿಕೊಂಡು, ಬೆರಳಿಗೆ ಹುರಿಯಂತೆ ಬಿಗಿ ಪಟ್ಟಿ ಸಿಕ್ಕರೆ ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್. ಬಣ್ಣಕ್ಕೆ ಹೆಸರಾದ, ಖಾರ ಕಡಿಮೆಯ ಬ್ಯಾಡಗಿ ಮೆಣಸಿನಕಾಯಿ ಚಟ್ನಿಯೂ ಅವರಿಗೆ ಉರಿಯುತ್ತದೆ. ಅದು ಕ್ಯಾನ್ಸರ್‌ಗೆ ತಿರುಗಬಹುದಾದ ಸ್ಥಿತಿ. ಕೀಲಿನ ವ್ಯಾಯಾಮ ಹೇಳಿ ಮನೆಗೆ ಕಳಿಸಿದರೆ ದೊಡ್ಡ ತಪ್ಪಾಗುತ್ತದೆ.

ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದಕ್ಕೆ ಖರ್ಚಿಲ್ಲ: ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ. ಉಣ್ಣುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲಿಗೆ ಕೆಳಗಿನದು ತಾಗುವ ಕೆಲಸವೇ ಇಲ್ಲ. ಆದರೆ ಹೊಲಿಗೆ ಮಷಿನ್ ತುಳಿಯುವಾಗ, ಮೊಬೈಲ್ ನೋಡುವಾಗ, ಬೈಕ್ ಓಡಿಸುವಾಗ ಅನೇಕರು ಗೊತ್ತಿಲ್ಲದೆ ಕಚ್ಚಿರುತ್ತಾರೆ. ಬರೀ ಮಾತಿನಲ್ಲಿ ಹೇಳಿದರೆ ಮರೆತುಹೋಗುತ್ತದೆ. ಮೊಬೈಲಿನ ಬೆನ್ನಿಗೆ, ಅಡುಗೆಮನೆ ಗೋಡೆಗೆ, ಬೈಕಿನ ಮೀಟರಿಗೆ ಒಂದೊಂದು ಟಿಕಳಿ ಅಂಟಿಸಲು ಹೇಳಿ; ಕಂಡಾಗೊಮ್ಮೆ ಹಲ್ಲು ಬಿಡಬೇಕು.

ಎರಡು ವಾರ ಕಟಕ ರೊಟ್ಟಿ, ಹುರಿದ ಶೇಂಗಾ, ಕರದಂಟು, ಹಲ್ಲಲ್ಲಿ ಸಿಗಿಯುವ ಕಬ್ಬು ಬೇಡ. ರೊಟ್ಟಿಯಿಲ್ಲದೆ ಊಟವೇ ಆಗದವರಿಗೆ ಬಿಸಿ ಮೆತ್ತನೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿಕೊಳ್ಳಲು ಹೇಳಿ. ಜೋಳದ ನುಚ್ಚು ಮಜ್ಜಿಗೆ ಇನ್ನೂ ಒಳ್ಳೆಯದು. ಬಿಸಿನೀರಲ್ಲಿ ಹಿಂಡಿದ ಟವೆಲ್‌ನಿಂದ 15–20 ನಿಮಿಷ, ದಿನಕ್ಕೆ ಎರಡು ಮೂರು ಸಲ ಶಾಖ. ಬಿಸಿ ತಗ್ಗಿದ ಕೂಡಲೇ ಟವೆಲ್ ಮತ್ತೆ ಅದ್ದಬೇಕು, ಇಲ್ಲದಿದ್ದರೆ ಐದು ನಿಮಿಷದಲ್ಲಿ ಅದು ಒದ್ದೆ ಬಟ್ಟೆಯಷ್ಟೇ. ಆಮೇಲೆ ನಾಲಿಗೆ ತುದಿಯನ್ನು ಮೇಲಿನ ಮುಂಹಲ್ಲಿನ ಹಿಂದೆ ಬಾಯಿಯ ಅಂಗಳಕ್ಕೆ ಒತ್ತಿ, ಅದು ಬಿಡದಷ್ಟೇ ಬಾಯಿ ತೆರೆದು ಮುಚ್ಚುವುದು: ಒಂದು ಹೊತ್ತಿಗೆ 6 ಸಲ, ದಿನಕ್ಕೆ 6 ಹೊತ್ತು. ಆಕಳಿಕೆ ಬಂದರೆ ಗದ್ದದ ಕೆಳಗೆ ಮುಷ್ಟಿ.

ಮಾತ್ರೆ ಬೇಕಾದರೆ ಐಬುಪ್ರೊಫೆನ್ 400 ಮಿ.ಗ್ರಾಂ., ಊಟದ ಮೇಲೆ ದಿನಕ್ಕೆ ಮೂರು, ಐದರಿಂದ ಏಳು ದಿನ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ, ಬಸಿರು, ರಕ್ತ ತೆಳುವಾಗಿಸುವ ಮಾತ್ರೆ ಇದ್ದವರಿಗೆ ಇದು ಬೇಡ.

ರಾತ್ರಿ ಹಲ್ಲು ಕಡಿಯುವವರಿಗೆ ಗಟ್ಟಿ ಅಕ್ರಿಲಿಕ್ ಸ್ಪ್ಲಿಂಟ್, ಅಂದರೆ ಒಂದು ಸಾಲಿನ ಹಲ್ಲಿನ ಮೇಲೆ ಕೂರುವ ಪ್ಲಾಸ್ಟಿಕ್ ಕವಚ. ಅದು ಆ ಸಾಲಿನ ಎಲ್ಲ ಹಲ್ಲನ್ನೂ ಮುಚ್ಚಬೇಕು, ಹಿಂದಿನ ಹಲ್ಲಿನ ಮೇಲೆ ಸುಮಾರು 2 ಮಿ.ಮೀ. ದಪ್ಪ ಸಾಕು. ಮುಂದಿನ ಹಲ್ಲಿಗಷ್ಟೇ ಕೂರುವ ತುಂಡನ್ನು ತಿಂಗಳುಗಟ್ಟಲೆ ಹಾಕಿದರೆ ಹಿಂದಿನ ಹಲ್ಲು ಬೆಳೆದು, ಮುಂದಿನವು ಕೂಡದಂತಾಗುತ್ತವೆ. ನಮ್ಮಲ್ಲಿ ಸ್ಪ್ಲಿಂಟ್ ಕೆಡುವುದು ಹೆಚ್ಚಾಗಿ ಅಳತೆಯಲ್ಲಿ. ಗದಗ, ಹಾವೇರಿಯಿಂದ ಹಲ್ಲಿನ ಅಳತೆ ತೆಗೆದ ಆಲ್ಜಿನೇಟ್ ಅಚ್ಚನ್ನೇ ಬಸ್ಸಿನಲ್ಲಿ ಹುಬ್ಬಳ್ಳಿ ಲ್ಯಾಬಿಗೆ ಕಳಿಸಿದರೆ, ಬೇಸಿಗೆಯ ಧಗೆಗೆ ಅದು ದಾರಿಯಲ್ಲೇ ಒಣಗಿ ಕುಗ್ಗುತ್ತದೆ. ಅಚ್ಚಿಗೆ ಒದ್ದೆ ಹತ್ತಿ ಹೊದಿಸಿ, ಕಾಲು ತಾಸಿನೊಳಗೆ ಅಲ್ಲೇ ಡೆಂಟಲ್ ಸ್ಟೋನ್ (ಗಟ್ಟಿಯಾಗುವ ಪ್ಲಾಸ್ಟರಿನಂಥ ಪುಡಿ ಕಲಸಿದ್ದು) ಹುಯ್ದು, ಮಾದರಿಯನ್ನೇ ಕಳಿಸಿ. ಕೂರಿಸುವ ದಿನ, ಕಚ್ಚಿದಲ್ಲಿ ಬಣ್ಣದ ಚುಕ್ಕೆ ಬೀಳಿಸುವ ಆರ್ಟಿಕ್ಯುಲೇಟಿಂಗ್ ಪೇಪರ್ ಇಟ್ಟು ಕಚ್ಚಿಸಿ. ಎರಡೂ ಬದಿಯ ಚುಕ್ಕೆ ಸಮನಾಗುವವರೆಗೆ ಸ್ಪ್ಲಿಂಟನ್ನು ತಿಕ್ಕಬೇಕು, ಹಲ್ಲನ್ನಲ್ಲ. ಎರಡು ವಾರಕ್ಕೆ ಮತ್ತೆ ಕರೆದು ನೋಡಿ. ಸ್ನಾಯು ಸಡಿಲಾದಂತೆ ಚುಕ್ಕೆಗಳು ಜಾಗ ಬದಲಿಸುತ್ತವೆ.

ಇಷ್ಟಾದರೂ ಬಾಯಿ 30 ಮಿ.ಮೀ. ದಾಟದಿದ್ದರೆ ತಿಂಗಳುಗಟ್ಟಲೆ ಕಾಯಿಸಬೇಡಿ. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ಓಪಿಜಿ ಎಕ್ಸ್‌ರೇಯಲ್ಲಿ ಎಲುಬು ಕಾಣುತ್ತದೆ, ಡಿಸ್ಕ್ ಕಾಣುವುದಿಲ್ಲ. ಅದಕ್ಕೆ ಎಂಆರ್‌ಐ ಬೇಕು. ಎರಡು ಸೂಜಿ ಇಟ್ಟು ಕೀಲಿನೊಳಗೆ ಸಲೈನ್ ಹರಿಸಿ ತೊಳೆಯುವ ಆರ್ಥ್ರೋಸೆಂಟೆಸಿಸ್ ಮುಖ-ದವಡೆ ಶಸ್ತ್ರವೈದ್ಯರ ಕೆಲಸ. ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜಿನಲ್ಲಿ ಆ ವಿಭಾಗವಿದೆ.

ಮೂರು ಸಂದರ್ಭಗಳಲ್ಲಿ ಅದೇ ದಿನ ಕಳಿಸಲೇಬೇಕು. ದಣಿದಾಗ ದವಡೆ ನೋವಿನ ಜೊತೆ ಎದೆ ಬಿಗಿದು ಬೆವರಿದರೆ, ಹೃದಯದ ಆಸ್ಪತ್ರೆಗೆ. ಐವತ್ತು ದಾಟಿದವರಿಗೆ ಕಣತಲೆಯಲ್ಲಿ ಹೊಸ ನೋವು, ಅಗಿಯುವಾಗ ದವಡೆ ಸೋತು ನೋವು, ಕಣ್ಣು ಮಂಜಾಗುವುದು ಕೂಡಿ ಬಂದರೆ ರಕ್ತನಾಳದ ಉರಿಯೂತ ಇರಬಹುದು; ತಡವಾದರೆ ದೃಷ್ಟಿ ಹೋಗುತ್ತದೆ. ಗದ್ದಕ್ಕೆ ಪೆಟ್ಟಾಗಿ ಬಿದ್ದ ಮಗುವಿಗೆ ಗದ್ದದ ಗಾಯಕ್ಕಷ್ಟೇ ಹೊಲಿಗೆ ಹಾಕಿ ಕಳಿಸುವುದುಂಟು. ಕಿವಿ ಮುಂದೆ ಒತ್ತಿ, ಬಾಯಿ ತೆರೆಸಿ ನೋಡಿ, ಎಕ್ಸ್‌ರೇ ತೆಗೆಸಿ. ಅಲ್ಲಿ ಕೆಳದವಡೆಯ ತಲೆ ಮುರಿದದ್ದು ಕಣ್ತಪ್ಪಿದರೆ ಕೀಲು ಎಲುಬಿಗೆ ಎಲುಬಾಗಿ ಅಂಟಿಕೊಂಡು, ಮಗು ಬೆಳೆದಂತೆ ಗದ್ದ ಚಿಕ್ಕದಾಗಿಯೇ ಉಳಿದು, ಬಾಯಿಗೆ ಒಂದು ಬೆರಳೂ ಹೋಗದಂತಾಗುತ್ತದೆ.