ಮೀನಿಗೆ ಉಪ್ಪು ಹಾಕಿದ ಕಥೆ

ಕಾಸರಗೋಡಿನ ಕಡೆಯ ನಮ್ಮ ಊರಿನಲ್ಲಿ "ಮೀನಿಗೆ ಉಪ್ಪು ಹಾಕಿ ಬಂದೆ" ಅಂತ ಹೇಳಿದ್ರೆ ಎದುರಿನವರು ಮತ್ತೆ ಕೇಳುದು ಒಂದೇ, ಬಂಗುಡೆಯಾ ಬೂತಾಯಿಯಾ ಅಂತ. ಅದೂ ಮೀನು ತಿನ್ನದ ಮನೆಯ ಸೊಸೆಯ ಬಾಯಿಂದ ಬಂದ್ರೆ ಆಫೀಸಿನಲ್ಲಿ ಎಷ್ಟು ದಿನ ತಮಾಷೆ ನಡೀಬಹುದು ನೀವೇ ಯೋಚಿಸಿ. ಕಳೆದ ಆಟಿ ತಿಂಗಳಿಡೀ (ಜುಲೈ-ಆಗಸ್ಟ್‌ನ ಮಳೆಯ ತಿಂಗಳು) ನಾನು ದಿನಾ ಬೆಳಿಗ್ಗೆ ಆರೂವರೆಗೆ ಅಡುಗೆಮನೆಯ ತೂಕದ ಮಶಿನ್‌ನಲ್ಲಿ ಕಲ್ಲುಪ್ಪು ತೂಗಿ, ನೀರಿನಲ್ಲಿ ಕರಗಿಸಿ, ಮೀನಿಗೆ ಹಾಕಿ, ಆಮೇಲೆ ಬದಿಯಡ್ಕದ ಬಸ್ಸು ಹಿಡಿದದ್ದು. ಮೀನು ಅಂದ್ರೆ ಒಂದೇ ಒಂದು ಗೋಲ್ಡ್ ಫಿಶ್, ಮಗ ಇಟ್ಟ ಹೆಸರು ಜಿಲೇಬಿ.

ನಾಲ್ಕು ವರ್ಷದ ಹಿಂದೆ ಕುಂಬಳೆ ಬೆಡಿಗೆ, ಅಂದ್ರೆ ದೇವಸ್ಥಾನದ ಜಾತ್ರೆಯ ಸುಡುಮದ್ದಿಗೆ, ಹೋದಾಗ ಮಗ ಹಟ ಹಿಡಿದು ತೆಗೆಸಿಕೊಂಡದ್ದು. ಜೋಡಿ ಇತ್ತು, ಒಂದು ವಾರದಲ್ಲೇ ಹೋಯ್ತು, ಉಳಿದದ್ದು ಬೆಳೆದು ಬೆಳೆದು ಗಾಜಿನ ಡಬ್ಬದಲ್ಲಿ ತಿರುಗ್ಲಿಕ್ಕೆ ಜಾಗ ಸಾಲದೆ ದನದ ಹಟ್ಟಿಯ ಬದಿಯ ಹಳೇ ಸಿಮೆಂಟ್ ಟ್ಯಾಂಕಿಗೆ ವರ್ಗ ಆಯ್ತು. ಮೇಲಿಂದ ಹಸಿರು ನೆಟ್ ಕಟ್ಟಿದ್ದೆವು. ಜುಲೈಯಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದು, ಹಟ್ಟಿಯ ಮಾಡಿನ ನೀರೂ ಅದಕ್ಕೇ ಬಿದ್ದು ಟ್ಯಾಂಕ್ ಅಂಚಿನವರೆಗೆ ತುಂಬಿತ್ತು, ನೆಟ್ಟಿನ ಮೇಲೆ ಕಸ ಬಿದ್ದು ಜೋತಿತ್ತು, ಸಂಜೆ ಅದನ್ನು ಬಿಚ್ಚಿ ಕೊಡವಿ ಅಲ್ಲೇ ಗೂಟಕ್ಕೆ ಹಾಕಿ, ಅಷ್ಟರಲ್ಲಿ ಕರೆಂಟ್ ಹೋಗಿ, ದೀಪ ಹುಡುಕ್ಲಿಕ್ಕೆ ಒಳಗೆ ಬಂದವಳು ಮರೆತೇ ಬಿಟ್ಟೆ. ಬೆಕ್ಕನ್ನು ನಾನು ಬೈಯುದಿಲ್ಲ, ಅಂಚಿಗೇ ನೀರು, ನೀರಿನ ಮೇಲ್ಗಡೆಯೇ ಕಿತ್ತಳೆ ಬಣ್ಣದ್ದೊಂದು ಓಡಾಡ್ತಾ ಉಂಟು, ಅದಕ್ಕೆ ಎಲೆ ಹಾಕಿ ಬಡಿಸಿದ ಹಾಗೆ ಆಗಿರ್ಬೇಕು.

ಬೆಳಿಗ್ಗೆ ಹಾಲು ಕರೀಲಿಕ್ಕೆ ಹೋದ ಅತ್ತೆ ಕರೆದದ್ದು ಕೇಳಿತು, "ಇಲ್ಲಿ ಬಾ ಮಾರಾಯ್ತಿ, ನಿನ್ನ ಜಿಲೇಬಿ ಜಗಲಿಯಲ್ಲಿ ಉಂಟು." ಬೆಕ್ಕು ಅದನ್ನು ತಿನ್ನದೆ ಆಟ ಆಡಿ ಬಿಟ್ಟಿತ್ತು. ಎಡಮೈ ಕಿವಿರಿನ ಹಿಂದಿಂದ ಬಾಲದವರೆಗೆ ತೆಂಗಿನಕಾಯಿ ತುರಿಮಣೆಗೆ ಒತ್ತಿ ಎಳೆದ ಹಾಗೆ, ಮೈಮೇಲಿನ ಹುರುಪೆ ಒಂದೂ ಇಲ್ಲ, ಕೆಂಪು ಮಾಂಸ ಕಾಣ್ತಿತ್ತು. ಬಾಲ ಅರ್ಧ ಇಲ್ಲ. ಎಡಗಣ್ಣು ಇದ್ದಲ್ಲಿ ಒಂದು ಗುಳಿ. ಮೈಗೆಲ್ಲ ಅಡಿಕೆ ಸಿಪ್ಪೆಯ ನಾರು ಅಂಟಿಕೊಂಡಿತ್ತು. ಸತ್ತಿದೆ ಅಂತಲೇ ಲೆಕ್ಕ ಹಾಕಿ ಗೆರಟೆಯಲ್ಲಿ ತೆಗೀಲಿಕ್ಕೆ ಬಗ್ಗಿದಾಗ ಕಿವಿರಿನ ಮುಚ್ಚಳ ಒಮ್ಮೆ ತೆರೆದು ಮುಚ್ಚಿತು. ಮಳೆಯ ಇರ್ಚಲು ಬಿದ್ದು ಜಗಲಿ ಒದ್ದೆ ಇದ್ದದ್ದರಿಂದ ಉಳಿದಿತ್ತು ಅಂತ ಕಾಣ್ತದೆ, ಕಿವಿರು ಒಣಗಿದ್ರೆ ಮುಗೀತಿತ್ತು.

ಅಕ್ವೇರಿಯಂ ಅಂಗಡಿಗೆ ಫೋನ್ ಮಾಡಿದ್ದಕ್ಕೆ ಆ ಕಡೆಯವ, "ಅದ್ ಚಾವುಂ ಚೇಚೀ, ಪುದಿಯದ್ ವಾಂಙಿಕ್ಕೋ" ಅಂದ. ಅದು ಸಾಯ್ತದೆ ಅಕ್ಕ, ಹೊಸತು ತಗೊಳ್ಳಿ ಅಂತ. ಅವನ ಲೆಕ್ಕ ಸರಿಯೇ, ಮೀನಿಗಿಂತ ಮದ್ದಿಗೆ ಜಾಸ್ತಿ. ಮಗ ಪಕ್ಕದಲ್ಲೇ ನಿಂತು ಮಲಯಾಳ ಅರ್ಥ ಮಾಡಿಕೊಂಡ, ಅದೊಂದು ಬೇಜಾರು.

ಸರಿ, ಬಟ್ಟೆ ಒಗೆಯುವ ನೀಲಿ ಟಬ್ ತೊಳೆದು (ಸಾಬೂನು ಹಾಕದೆ) 40 ಲೀಟರ್ ನೀರು, ಏರ್ ಪಂಪಿನ ಪೈಪು, ಅಷ್ಟೇ. ಕಲ್ಲು ಗಿಡ ಎಂತದ್ದೂ ಬೇಡ, ಗಾಯಕ್ಕೆ ತಾಗ್ತದೆ. ಮೀನಿಗೆ ಕಣ್ಣಿನ ರೆಪ್ಪೆ ಇಲ್ಲ, ಬೆಳಕು ಬೇಡ ಅಂದ್ರೂ ಕಣ್ಣು ಮುಚ್ಲಿಕ್ಕೆ ಆಗುದಿಲ್ಲ, ಹಾಗಾಗಿ ಟಬ್ಬಿನ ಅರ್ಧಕ್ಕೆ ಅಡಿಕೆ ಹಾಳೆ ಮುಚ್ಚಿ ಕತ್ತಲೆ ಮಾಡಿದೆ. ಉಳಿದರ್ಧಕ್ಕೆ ನೆಟ್. ಈ ಸಲ ಮರೀಲಿಲ್ಲ.

ಇನ್ನು ಉಪ್ಪು. ಮಾವಿನ ಮಿಡಿ ಉಪ್ಪಿಗೆ ಹಾಕಿದವರಿಗೆ ಇದು ಬೇಗ ಅರ್ಥ ಆಗ್ತದೆ. ಉಪ್ಪಿನ ನಡುವೆ ಇಟ್ಟ ಮಿಡಿ ತನ್ನ ನೀರು ಬಿಟ್ಟು ಸುಕ್ಕುತ್ತದಲ್ಲ, ಸಿಹಿನೀರಿನ ಮೀನಿನ ಪಾಡು ಅದರ ಉಲ್ಟಾ, ಉಪ್ಪು ಒಳಗೆ, ಸಪ್ಪೆ ನೀರು ಹೊರಗೆ. ಅದರ ರಕ್ತದಲ್ಲಿ ಹೆಚ್ಚುಕಮ್ಮಿ ಲೀಟರಿಗೆ 8-9 ಗ್ರಾಂ ಉಪ್ಪಿನಷ್ಟು ಇರ್ತದೆ, ಹಾಗಾಗಿ ಹೊರಗಿನ ನೀರು ಸದಾ ಮೈಯೊಳಗೆ ನುಗ್ಗುದು, ಅದನ್ನು ಮೂತ್ರಪಿಂಡ ಸದಾ ಹೊರಗೆ ಹಾಕುದು. ಹುರುಪೆ, ಅದರ ಮೇಲಿನ ಲೋಳೆ, ಚರ್ಮ ಎಲ್ಲ ಸರಿ ಇರುವಾಗ ಇದು ನಡೀತದೆ. ಮೈಯ ಒಂದು ಬದಿ ಇಡೀ ಕಿತ್ತುಹೋದ್ರೆ ಮಾಡಿನ ಹಂಚು ಹಾರಿದ ಮನೆಯ ಹಾಗೆ, ನೀರು ಒಳಗೆ ಬರುದೂ ನಿಲ್ಲುದಿಲ್ಲ, ಉಪ್ಪು ಹೊರಗೆ ಹೋಗುದೂ ನಿಲ್ಲುದಿಲ್ಲ. ಹೊರಗಿನ ನೀರಿಗೂ ಸ್ವಲ್ಪ ಉಪ್ಪು ಹಾಕಿದ್ರೆ ಆ ವ್ಯತ್ಯಾಸ ಕಮ್ಮಿ ಆಗ್ತದೆ, ಮೀನಿಗೆ ಒಂದು ಕೆಲಸ ಹಗುರ ಆಗ್ತದೆ. ಲೀಟರಿಗೆ 3 ಗ್ರಾಂ, ಅಂದ್ರೆ ನನ್ನ ಟಬ್ಬಿಗೆ 120 ಗ್ರಾಂ, ಅದನ್ನೂ ಒಮ್ಮೆಗೇ ಅಲ್ಲ, 40 ಗ್ರಾಂನ ಹಾಗೆ ಮೂರು ಸಲ, ಒಂದೂವರೆ ದಿನದಲ್ಲಿ.

ದಿನಾ ಅರ್ಧ ನೀರು ಬದಲಿಸಬೇಕು, ಹೋದ ಅರ್ಧದೊಟ್ಟಿಗೆ ಅರ್ಧ ಉಪ್ಪೂ ಹೋಗ್ತದೆ, ಹಾಗಾಗಿ ಹೊಸ 20 ಲೀಟರಿಗೆ 60 ಗ್ರಾಂ ಹಾಕ್ಬೇಕು. ಮೂರನೇ ದಿನ ಗಡಿಬಿಡಿಯಲ್ಲಿ ನಾನು 120 ಸುರಿದು ಬಸ್ಸು ಹತ್ತಿದ್ದೆ, ನೀರ್ಚಾಲು ದಾಟುವಾಗ ಜ್ಞಾನೋದಯ. ದಿನಾ ಬೇರೆಯವರ ದುಡ್ಡು ಎಣಿಸುವವಳಿಗೆ ಇಷ್ಟು ಸಣ್ಣ ಲೆಕ್ಕ ತಪ್ಪಿತು. ಇವರಿಗೆ ಫೋನ್ ಮಾಡಿ ಎರಡು ಬಕೆಟ್ ತೆಗೆದು ಎರಡು ಬಕೆಟ್ ಸಪ್ಪೆ ನೀರು ನಿಧಾನ ಹಾಕ್ಲಿಕ್ಕೆ ಹೇಳಿದೆ. ಲೀಟರಿಗೆ ನಾಲ್ಕೂವರೆ ಗ್ರಾಂಗೆ ಗೋಲ್ಡ್ ಫಿಶ್ ಸಾಯುದಿಲ್ಲ, ಆದ್ರೆ ಆ ದಿನ ಕೌಂಟರಿನಲ್ಲಿ ಕೂತು ಅದನ್ನು ನಂಬ್ಲಿಕ್ಕೆ ಆಗ್ಲಿಲ್ಲ.

ನೀರಿನದ್ದೇ ಬೇರೆ ಕಥೆ ಉಂಟು. ನಮ್ಮಲ್ಲಿ ಸುರಂಗದ ನೀರು. ಹೊರಗಿನವರಿಗೆ ಹೇಳುದಾದ್ರೆ, ಬಾವಿ ಕೆಳಕ್ಕೆ ತೋಡುದು, ಸುರಂಗ ಗುಡ್ಡದ ಹೊಟ್ಟೆಗೆ ಅಡ್ಡಕ್ಕೆ ಕೊರೆಯುದು, ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಎಡೆಯಿಂದ ಜಿನುಗಿದ ನೀರು ಪಂಪಿಲ್ಲದೆ ತಾನಾಗಿ ಹರಿದು ಬರ್ತದೆ. ಕ್ಲೋರಿನ್ ಇಲ್ಲ, ಕುಡೀಲಿಕ್ಕೆ ಅಮೃತ. ಮೀನಿಗೆ ಅಷ್ಟು ಅಮೃತ ಅಲ್ಲ. ಮುರಕಲ್ಲಿನ ನೀರಿನಲ್ಲಿ ಸುಣ್ಣದ ಅಂಶ ಇಲ್ಲ ಅನ್ನುವಷ್ಟು ಕಮ್ಮಿ, ಸ್ವಲ್ಪ ಹುಳಿ ಬೇರೆ, ನೀರು ಪರೀಕ್ಷೆ ಮಾಡುವ ನನ್ನ ಪೇಪರಿನಲ್ಲಿ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದ್ದಷ್ಟು ಅಂಕೆ ಕಮ್ಮಿ) 6ಕ್ಕಿಂತ ಕೆಳಗೆ ತೋರಿಸಿತು. ನೆಲದೊಳಗಿಂದ ಬಂದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿ ಕೂತಿರ್ತದೆ, ಹಿಂದಿನ ರಾತ್ರಿಯೇ ಹಿಡಿದಿಟ್ಟು ಗಾಳಿ ಆಡಿಸಿದ್ರೆ ಅದು ಹೊರಟು ಹೋಗಿ ಪಿಎಚ್ ತುಸು ಏರ್ತದೆ. ಆದ್ರೆ ಹಿಡಿದಿಡುವ ಪಾತ್ರೆ ಯಾವುದು ಅಂತ ನೋಡ್ಬೇಕು. ಬಚ್ಚಲಿನ ಹಂಡೆಯಲ್ಲಿ ಉಗುರು ಬೆಚ್ಚಗೆ ನೀರು ರೆಡಿ ಉಂಟಲ್ಲ ಅಂತ ನಾನು ಮೊದಲ ದಿನ ಅದಕ್ಕೇ ಚೊಂಬು ಮುಳುಗಿಸಿದ್ದೆ, ತಟ್ಟನೆ ನೆನಪಾಯ್ತು, ಹಂಡೆ ತಾಮ್ರದ್ದು. ಹುಳಿ ನೀರು ತಾಮ್ರವನ್ನು ಕರಗಿಸ್ತದೆ, ಕರಗಿದ ತಾಮ್ರ ಮೀನಿನ ಕಿವಿರಿಗೆ ವಿಷ. ಹಿತ್ತಾಳೆ ಕೊಡಪಾನವೂ ಬೇಡ, ಅದರಲ್ಲೂ ತಾಮ್ರವೇ. ಪ್ಲಾಸ್ಟಿಕ್ ಬಕೆಟ್ ಸಾಕು.

ತಾಮ್ರದ ಮಾತು ಬಂದದ್ದಕ್ಕೆ ಭಾವನ ಸಲಹೆ ಹೇಳಲೇಬೇಕು. ಅಡಿಕೆಗೆ ಮದ್ದು ಬಿಡುವ ಸಮಯ ಅದು, ಅಂಗಳದಲ್ಲಿ ಬೋರ್ಡೋ ದ್ರಾವಣ ಕಲಸ್ತಾ ಇದ್ರು, 1 ಕಿಲೋ ಮೈಲುತುತ್ತು (ಅದು ತಾಮ್ರದ್ದೇ ಉಪ್ಪು) 1 ಕಿಲೋ ಸುಣ್ಣ 100 ಲೀಟರ್ ನೀರು. ನಾಲ್ಕನೇ ದಿನ ಜಿಲೇಬಿಯ ಗಾಯದ ಮೇಲೆ ಬಿಳಿ ಹತ್ತಿಯ ಹಾಗೆ ಬೆಳೀಲಿಕ್ಕೆ ಶುರುವಾದದ್ದನ್ನು ನೋಡಿ ಭಾವ, "ಇದು ಕೊಳೆರೋಗವೇ ಅಲ್ವಾ, ಒಂದು ಚಿಟಿಕೆ ತುತ್ತು ಬಿಡು" ಅಂದ್ರು. ತಮಾಷೆಗೇ ಹೇಳಿದ್ದು. ಆದ್ರೆ ತಮಾಷೆ ಏನೆಂದ್ರೆ ಅವರು ಹೇಳಿದ್ದು ಮುಕ್ಕಾಲು ಸರಿ! ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾ ಮತ್ತು ಮೀನಿನ ಗಾಯದಲ್ಲಿ ಹತ್ತಿ ಬೆಳೆಸುವ ಸ್ಯಾಪ್ರೊಲೆಗ್ನಿಯಾ ಎರಡೂ ಒಂದೇ ದೊಡ್ಡ ಗುಂಪಿನವು, ನಾವು ಫಂಗಸ್ ಅಂತ ಕರೀತೇವೆ ಅಷ್ಟೇ, ನಿಜವಾದ ಫಂಗಸ್ ಅಲ್ಲ, ಊಮೈಸೀಟ್ ಅಂತ ನೀರಿನ ಬೂಸು. ಎರಡಕ್ಕೂ ಒದ್ದೆಯೇ ಬೇಕು. ಮೀನಿನ ಕೆಲವು ಪರೋಪಜೀವಿಗಳಿಗೆ ಮೈಲುತುತ್ತು ಮದ್ದಾಗಿ ಬಳಸುದೂ ಹೌದು. ಮುಕ್ಕಾಲು ಸರಿ, ಉಳಿದ ಕಾಲು ಭಾಗದಲ್ಲಿ ಮೀನು ಸಾಯ್ತದೆ. ಬೋರ್ಡೋದಲ್ಲಿ ತಾಮ್ರವನ್ನು ಸುಣ್ಣ ಹಿಡಿದಿಟ್ಟುಕೊಳ್ತದೆ, ಗಡಸು ನೀರಿದ್ರೂ ತಾಮ್ರದ ವಿಷ ಸ್ವಲ್ಪ ತಗ್ಗುತ್ತದೆ, ನಮ್ಮ ಸುರಂಗದ ಮೆದು ಹುಳಿ ನೀರಿನಲ್ಲಿ ಬರೀ ತುತ್ತು ಬಿದ್ರೆ ತಡೆಯುವವರೇ ಇಲ್ಲ. ಸ್ಪ್ರೇ ಮುಗಿಯುವವರೆಗೆ ಟಬ್ಬನ್ನು ಒಳಗಿನ ಚಾವಡಿಗೆ ಸಾಗಿಸಿದೆ.

ಅತ್ತೆಯದ್ದು ಎರಡು ಸಲಹೆ. ಮೊದಲನೆಯದು ಗಾಯಕ್ಕೆ ಅರಸಿನ. ಉಪ್ಪಿನ ಮೇಲೆ ಅರಸಿನವೂ ಬಿದ್ರೆ ಮತ್ತೆ ಕಾವಲಿ ಇಡುದೊಂದೇ ಬಾಕಿ ಅಂತ ಮಗನೇ ಹೇಳಿದ, ಅಲ್ಲಿಗೆ ಮುಗೀತು. ಎರಡನೆಯದು, ನೀರು ಹುಳಿ ಉಂಟಾದ್ರೆ ವೀಳ್ಯದ ಸುಣ್ಣ ಒಂದು ಬೆರಳು ಕದಡು ಅಂತ. ಇದೂ ಪೂರ್ತಿ ತಪ್ಪಲ್ಲ, ಆದ್ರೆ ಸುಟ್ಟ ಸುಣ್ಣ ಖಾರ, ಒಮ್ಮೆಗೇ ಪಿಎಚ್ ಹಾರಿಸ್ತದೆ. ಮೀನಿನ ಹೊಲಸಿಂದ ಬರುವ ಅಮೋನಿಯ ಹುಳಿ ನೀರಿನಲ್ಲಿ ಅಷ್ಟು ಉಪದ್ರ ಕೊಡದ ರೂಪದಲ್ಲಿ ಇರ್ತದೆ, ಪಿಎಚ್ ಏರಿದ ಕೂಡ್ಲೆ ಅದೇ ಅಮೋನಿಯ ವಿಷ ಆಗ್ತದೆ. ಅದಕ್ಕೆ ಮಗ ಸಮುದ್ರದ ಬದಿಯಿಂದ ಹೆಕ್ಕಿ ತಂದಿಟ್ಟ ಚಿಪ್ಪುಗಳನ್ನು ಬೇಯಿಸಿ ತೊಳೆದು ನೆಟ್ಟಿನ ಚೀಲದಲ್ಲಿ ಕಟ್ಟಿ ಇಳಿಸಿದೆ. ಅದೂ ಸುಣ್ಣವೇ, ಸುಡದ ಸುಣ್ಣ, ನೀರು ಹುಳಿ ಇದ್ದಷ್ಟೇ ಕರಗ್ತದೆ.

ಆ ಹತ್ತಿಗೆ ಮಾತ್ರ ಏನಾದ್ರೂ ಮಾಡಲೇಬೇಕಿತ್ತು. ಮೃಗಾಸ್ಪತ್ರೆಯ ಡಾಕ್ಟ್ರು ನಕ್ಕರೂ ಒಳ್ಳೆ ಮಾತು ಹೇಳಿದ್ರು, ದನಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಗಾಯಕ್ಕೆ ಮಾತ್ರ ತಾಗಿಸಿ, ಕಿವಿರಿಗೂ ಕಣ್ಣಿಗೂ ಹೋಗ್ಬಾರ್ದು ಅಂತ. ರಾತ್ರಿ ಮಗ ಟಾರ್ಚ್ ಹಿಡಿದ, ನಾನು ಮೊದಲು ಬೇರೆ ಬಕೆಟಿನಲ್ಲಿ ಲೀಟರಿಗೆ 10 ಗ್ರಾಂ ಉಪ್ಪಿನ ನೀರಲ್ಲಿ ಹತ್ತು ನಿಮಿಷ ಬಿಟ್ಟು, ಆಮೇಲೆ ಒದ್ದೆ ಪಂಚೆ ತುಂಡಿನಲ್ಲಿ ತಲೆ ಸಮೇತ ಸುತ್ತಿ ಗಾಯ ಮಾತ್ರ ಹೊರಗೆ ಇಟ್ಟು, ಇಯರ್ ಬಡ್‌ನಲ್ಲಿ ಹತ್ತಿ ಒರೆಸಿ, ಇನ್ನೊಂದರಲ್ಲಿ ಅಯೋಡಿನ್ ಒತ್ತಿ, ಇಪ್ಪತ್ತು ಎಣಿಸಿ, ತೊಳೆದು ಟಬ್ಬಿಗೆ. ಕೈಯಲ್ಲಿ ಇದ್ದಷ್ಟು ಹೊತ್ತು ಅದು ಕೊಸರಲೇ ಇಲ್ಲ. ಕೊಸರಿದ್ದರೆ ನಂಗೆ ಸ್ವಲ್ಪ ಧೈರ್ಯ ಬರ್ತಿತ್ತು.

ಆ ದಿನವೇ ಮೆಡಿಕಲ್ಲಿಂದ ಲವಂಗದ ಎಣ್ಣೆಯನ್ನೂ ತಂದಿಟ್ಟಿದ್ದೆ, ಯಾರಿಗೂ ಹೇಳಿರ್ಲಿಲ್ಲ. ಅದರಲ್ಲಿನ ಯೂಜಿನಾಲ್ ಮೀನಿಗೆ ಅರಿವಳಿಕೆ, ಜಾಸ್ತಿ ಹಾಕಿದ್ರೆ ನಿದ್ರೆಯಲ್ಲೇ ಹೋಗ್ತದೆ. ಮುಟ್ಟಿದಾಗ ನೆಟ್ಟಗಾಗುವ ಪ್ರಯತ್ನವೂ ಮಾಡದಿದ್ರೆ ಎಳೆದಾಡಿಸುದು ಬೇಡ ಅಂತ ಮನಸ್ಸಿನಲ್ಲೇ ನಿಶ್ಚಯ ಮಾಡಿದ್ದೆ. ಐದನೇ ರಾತ್ರಿ ಕರೆಂಟ್ ಹೋಯ್ತು, ಪಂಪ್ ನಿಂತಿತು, ಇವರೂ ನಾನೂ ಸರದಿಯಲ್ಲಿ ಕೂತು ಚೊಂಬಿನಲ್ಲಿ ಟಬ್ಬಿನದ್ದೇ ನೀರು ಎತ್ತಿ ಮೇಲಿಂದ ಹೊಯ್ದು ಗಾಳಿ ಸೇರಿಸಿದ್ದು. ಎರಡೂವರೆಗೆ ಬೆರಳಿನಿಂದ ಮೆಲ್ಲ ತಾಗಿಸಿದೆ. ಅಡ್ಡ ಮಲಗಿದ್ದದ್ದು ಅರ್ಧ ಬಾಲ ಬಡಿದು ಎದ್ದು ಹಾಳೆಯ ಅಡಿಗೆ ಹೋಯ್ತು. ಆ ಬಾಟ್ಲಿ ಕೊನೆಗೆ ಅತ್ತೆಯ ಹಲ್ಲುನೋವಿಗೆ ಆಯ್ತು.

ಅಷ್ಟು ದಿನ ಊಟ ಹಾಕಿರ್ಲಿಲ್ಲ. ತಿನ್ನದ ಕಾಳು ಕೊಳೆತು ನೀರು ಹಾಳು ಮಾಡುದೇ ಹೆಚ್ಚು. ಏಳನೇ ದಿನ ಹಟ್ಟಿಯ ಹಿಂದಿನ ಬಕೆಟಿನಿಂದ ನುಸಿಯ (ಸೊಳ್ಳೆಯ) ಮರಿ ನಾಲ್ಕು ಹಿಡಿದು ಬಿಟ್ಟೆ, ಅದು ಬಳುಕುದು ನೋಡಿ ಜಿಲೇಬಿ ಬಂದು ಬಾಯಿ ಹಾಕಿತು, ತಪ್ಪಿತು, ಮತ್ತೆ ಹಾಕಿತು. ಗೋಲ್ಡ್ ಫಿಶ್‌ಗೆ ಜಠರ ಅಂತಲೇ ಇಲ್ಲ, ಗಂಟಲಿನಿಂದ ನೇರ ಕರುಳು, ಹಾಗಾಗಿ ಸ್ವಲ್ಪ ಸ್ವಲ್ಪವೇ ಹಲವು ಸಲ. ಆಮೇಲೆ ಗೊಬ್ಬರದ ಗುಂಡಿಯ ಎರೆಹುಳ ಕೊಚ್ಚಿ, ಬೇಯಿಸಿದ ಬಟಾಣಿ. ಈ ನಡುವೆ ಆಶಾ ವರ್ಕರ್ ಬಂದು ನುಸಿಯ ಬಕೆಟ್ ಕಂಡು, ನಿಂತ ನೀರು ಚೆಲ್ಲಿಸಿ ಊರಿಡೀ ಡ್ರೈ ಡೇ ಮಾಡ್ಲಿಕ್ಕೆ ನಾವು ನಡೀತಾ ಇದ್ದೇವೆ ನೀವು ಇಲ್ಲಿ ಸಾಕ್ತೀರಾ ಅಂತ ಕೇಳಿದ್ರು. ಮೀನಿಗೆ ಹುಷಾರಿಲ್ಲ ಅಂದೆ. ಅವರ ಮುಖ ನೀವು ನೋಡ್ಬೇಕಿತ್ತು. ಬಕೆಟ್ ಅಲ್ಲೇ ಮಗುಚಿ ಹೋದ್ರು, ಸರಿಯೇ ಅದು.

ಮೂರನೇ ವಾರ ಗಾಯದ ಅಂಚು ಕಪ್ಪಾಗ್ಲಿಕ್ಕೆ ಶುರುವಾಯ್ತು, ಮಸಿ ಬಳಿದ ಹಾಗೆ. ಕೊಳೀತಾ ಉಂಟು ಅಂತ ಹೆದರಿ ಇನ್ನೊಮ್ಮೆ ಅಯೋಡಿನ್ ಬಾಟ್ಲಿ ಹುಡುಕಿದೆ. ಆಮೇಲೆ ಗೊತ್ತಾಯ್ತು, ವಾಸಿಯಾಗುವ ಜಾಗದಲ್ಲಿ ಗೋಲ್ಡ್ ಫಿಶ್ ಹೀಗೆ ಕಪ್ಪು ಬಣ್ಣ ಹಾಕಿಕೊಳ್ತದೆ, ಕೆಲವು ವಾರದಲ್ಲಿ ತಾನೇ ಹೋಗ್ತದೆ. ಬಾಲದ ಬುಡ ಉಳಿದಿದ್ದರಿಂದ ಅದೂ ಚಿಗುರಿತು, ಮೊದಲು ಮೇಣದ ಕಾಗದದ ಹಾಗೆ ಪಾರದರ್ಶಕ, ಆಮೇಲೆ ಗೆರೆ, ಆಮೇಲೆ ಬಣ್ಣ. ಹುರುಪೆ ಬಂತು, ಆದ್ರೆ ಸಾಲು ತಪ್ಪಿ, ಅವಸರದಲ್ಲಿ ಹೊದೆಸಿದ ಹಂಚಿನ ಹಾಗೆ. ಕಣ್ಣು ಬರುದಿಲ್ಲ, ಗುಳಿ ಮುಚ್ಚಿ ನುಣುಪಾಗಿದೆ. ಉಪ್ಪನ್ನು ಆಟಿಯ ಮುಂದಿನ ತಿಂಗಳು ಸೋಣೆ ಮುಗಿಯುವಾಗ ನಿಧಾನ ಇಳಿಸಿದೆ, ಬದಲಿಸುವ ನೀರಿಗೆ ಹಾಕದೆ ಬಿಟ್ರೆ ಆಯ್ತು.

ಈಗ ಪುನಃ ಸಿಮೆಂಟ್ ಟ್ಯಾಂಕಿನಲ್ಲೇ ಉಂಟು, ನೀರು ಒಂದು ಗೇಣು ಕೆಳಗೆ, ನೆಟ್ಟಿಗೆ ಕೊಕ್ಕೆ. ಎಡಗಡೆಯಿಂದ ಹೋದ್ರೆ ಹೆದರಿ ಗೋಡೆಗೆ ಬಡಿದುಕೊಳ್ತದೆ, ಹಾಗಾಗಿ ಎಲ್ಲರೂ ಸುತ್ತು ಬಳಸಿ ಬಲಕ್ಕೆ ಬಂದು ಕಾಳು ಹಾಕುದು. ಮೊದಲ ದಿನ ಇದನ್ನು ತೆಂಗಿನ ಬುಡಕ್ಕೆ ಹಾಕು ಅಂದಿದ್ದ ಅತ್ತೆ ಸಂಜೆಯ ವೀಳ್ಯ ಮುಗಿಸಿ ಮೊದಲು ನಳ್ಳಿಯಲ್ಲಿ ಕೈ ತಿಕ್ಕಿ ತಿಕ್ಕಿ ತೊಳೀತಾರೆ, ಆಮೇಲೆ ಹೋಗಿ ಟ್ಯಾಂಕಿನ ಬಲಬದಿಗೆ ಬೆರಳಿನಿಂದ ಎರಡು ಸಲ ಬಡಿಯುದು. ಎಂತಕ್ಕೆ ಅಷ್ಟು ತೊಳೆಯುದು ಅಂತ ಇವರು ಕೇಳಿದ್ರೆ, "ಕೈಯಲ್ಲಿ ಸುಣ್ಣ ಉಂಟಲ್ಲ ಮಾರಾಯ."